ಗೆಲ್ಲುತ್ತಿದ್ದ ತಂಡ ಊರು ಬಿಟ್ಟಿತು

ಎಲ್ಲರಿಗೂ ನಮಸ್ಕಾರ.

ಕೆನಡಾದ ವಿನಿಪೆಗ್‌ನಲ್ಲಿ ‘ವಿನಿಪೆಗ್ ಐಸ್’ ಅಂತ ಒಂದು ಜೂನಿಯರ್ ಐಸ್ ಹಾಕಿ ತಂಡ ಇತ್ತು. 2022-23ರಲ್ಲಿ ಅದು ವೆಸ್ಟರ್ನ್ ಹಾಕಿ ಲೀಗ್‌ನಲ್ಲೇ ಮೊದಲ ಸ್ಥಾನದಲ್ಲಿತ್ತು. 68 ಪಂದ್ಯಗಳಲ್ಲಿ 57 ಗೆಲುವು. ಫೈನಲ್‌ಗೂ ಹೋಯಿತು, ಅಲ್ಲಿ ಸೋತಿತು. ಅದಾಗಿ ಕೆಲವೇ ವಾರಗಳಲ್ಲಿ ತಂಡ ಮಾರಾಟವಾಗಿ, ಗಡಿ ದಾಟಿ, ಅಮೆರಿಕದ ವೆನಾಚಿ ಎಂಬ ಊರಿಗೆ ಹೋಯಿತು.

ಅಷ್ಟು ಚೆನ್ನಾಗಿ ಆಡುತ್ತಿದ್ದ ತಂಡ ಯಾಕೆ ಹೋಯಿತು? ಆಡಲು ಸರಿಯಾದ ಜಾಗ ಇರಲಿಲ್ಲ. ವಿಶ್ವವಿದ್ಯಾಲಯದ ಒಂದು ಪುಟ್ಟ ರಿಂಕ್‌ನಲ್ಲಿ, ಅಂದರೆ ಮಂಜುಗಡ್ಡೆಯ ಅಂಗಣದಲ್ಲಿ, ಆಡುತ್ತಿದ್ದರು. ಹೊಸ ಅರೀನಾ ಕಟ್ಟುವ ಮಾತಿತ್ತು, ಅದು ಮಾತಿನಲ್ಲೇ ಉಳಿಯಿತು. ಇನ್ನೊಂದು ವಿಷಯ ಕೇಳಿ. ಇದೇ ತಂಡ 2019ರವರೆಗೆ ಕ್ರಾನ್‌ಬ್ರುಕ್ ಎಂಬ ಚಿಕ್ಕ ಊರಿನಲ್ಲಿತ್ತು. ಆಗ ಹೆಸರು ‘ಕೂಟನೇ ಐಸ್’. 2002ರಲ್ಲಿ ಕೆನಡಾದ ಜೂನಿಯರ್ ಹಾಕಿಯ ಅತಿ ದೊಡ್ಡ ಪ್ರಶಸ್ತಿ ಮೆಮೋರಿಯಲ್ ಕಪ್ ಗೆದ್ದಿತ್ತು. ಅದಕ್ಕೂ ಮುಂಚೆ, 1998ರವರೆಗೆ, ಎಡ್ಮಂಟನ್‌ನಲ್ಲಿ. ಇಪ್ಪತ್ತೈದು ವರ್ಷದಲ್ಲಿ ನಾಲ್ಕು ಊರು. ಬಾಡಿಗೆ ಮನೆಯವರೂ ಇಷ್ಟು ಸಲ ಸಾಮಾನು ಕಟ್ಟುವುದಿಲ್ಲ, ಅಲ್ವಾ?

ಜೂನಿಯರ್ ಹಾಕಿ ಅಂದರೆ ಹೆಚ್ಚುಕಮ್ಮಿ 16ರಿಂದ 20 ವರ್ಷದ ಹುಡುಗರ ಆಟ. ಅಪ್ಪ ಅಮ್ಮನನ್ನು ಬಿಟ್ಟು ಬಂದು, ತಂಡದ ಊರಿನಲ್ಲಿ ಯಾರದೋ ಮನೆಯಲ್ಲಿ ಉಳಿದು, ಅಲ್ಲೇ ಶಾಲೆಗೆ ಹೋಗುತ್ತಾ ಆಡುತ್ತಾರೆ. ಮೆಮೋರಿಯಲ್ ಕಪ್ 1919ರಿಂದ ಇದೆ. ಅವರಿಗೆ ಅದಕ್ಕಿಂತ ದೊಡ್ಡದು ಇಲ್ಲ.

ಹೀಗೇ ತಂಡ ಕಳೆದುಕೊಂಡ ಇನ್ನೊಂದು ಊರಿದೆ. ಈಗ ನಿಮ್ಮನ್ನು ಆ ಫ್ಲಿನ್ ಫ್ಲಾನ್‌ಗೆ ಕರೆದುಕೊಂಡು ಹೋಗಬೇಕು. ಹೆಸರು ಕೇಳಿ ನಗಬೇಡಿ. ಒಂದು ಅಗ್ಗದ ಕಾದಂಬರಿಯ ಪಾತ್ರದ ಹೆಸರನ್ನು ಊರಿಗೆ ಇಟ್ಟಿದ್ದಾರೆ. ಮ್ಯಾನಿಟೋಬಾ ಮತ್ತು ಸಸ್ಕ್ಯಾಚುವಾನ್ ಪ್ರಾಂತ್ಯಗಳ ಗಡಿಯಲ್ಲಿ, ಬಂಡೆಗಳ ಮೇಲೆ ಕೂತಿರುವ ಊರು. ತಾಮ್ರ ಮತ್ತು ಸತುವಿನ ಗಣಿ ಇತ್ತು. ಗಣಿ ಬಿಟ್ಟರೆ ಬೇರೇನಿಲ್ಲ. ಕೆಜಿಎಫ್ ನೋಡಿದವರಿಗೆ ಅಂಥ ಊರು ಹೇಗಿರುತ್ತೆ ಅಂತ ನಾನು ಹೇಳಬೇಕಿಲ್ಲ. ವಿನಿಪೆಗ್‌ನಿಂದ ರಸ್ತೆಯಲ್ಲಿ 700 ಕಿ.ಮೀ.ಗಿಂತ ಜಾಸ್ತಿ. ಬೆಂಗಳೂರಿನಿಂದ ಬೀದರ್‌ಗೆ ಹೋದ ಹಾಗೆ, ಆದರೆ ಹಿಮದಲ್ಲಿ.

ಅಲ್ಲಿನ ತಂಡ ‘ಬಾಂಬರ್ಸ್’. 1957ರಲ್ಲಿ ಅವರು ಒಟ್ಟಾವಾ ತಂಡದ ವಿರುದ್ಧ ಏಳು ಪಂದ್ಯಗಳ ಸರಣಿ ಗೆದ್ದು ಮೆಮೋರಿಯಲ್ ಕಪ್ ತಂದರು. ರಾಜಧಾನಿಯ ತಂಡ ಸುಮ್ನೆ ಬಂದಿರಲಿಲ್ಲ, ಅದರ ಹಿಂದೆ ಮಾಂಟ್ರಿಯಲ್ ಕೆನೇಡಿಯನ್ಸ್‌ನಂಥ ದೊಡ್ಡ ಕ್ಲಬ್ ಇತ್ತು. ಆಗ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಹಾಕಿ ಲೀಗ್) ಕ್ಲಬ್‌ಗಳೇ ಜೂನಿಯರ್ ತಂಡಗಳಿಗೆ ದುಡ್ಡು ಹಾಕಿ, ಎಳೆ ಹುಡುಗರ ಹತ್ತಿರ ಸಹಿ ಹಾಕಿಸಿಕೊಳ್ಳುತ್ತಿದ್ದ ಕಾಲ. ಫ್ಲಿನ್ ಫ್ಲಾನ್ ಕೈಯಲ್ಲಿ ಇದ್ದದ್ದು ಗಣಿ ಕಂಪನಿ. ಹಾಕಿ ಹುಡುಗರಿಗೆ ಅಲ್ಲಿ ಕೆಲಸ ಸಿಗುತ್ತಿತ್ತು. ಹಗಲು ದುಡಿಮೆ, ಸಂಜೆ ಆಟ.

1967-68ರಲ್ಲಿ ಆ ಊರಿನದೇ ಹುಡುಗ ಬಾಬಿ ಕ್ಲಾರ್ಕ್ ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ 168 ಪಾಯಿಂಟ್ ಗಳಿಸಿದ. ಜೊತೆಗಾರ ರೆಜಿ ಲೀಚ್ 87 ಗೋಲು ಹೊಡೆದ. 1969 ಮತ್ತು 1970ರಲ್ಲಿ ಬಾಂಬರ್ಸ್ ಪಶ್ಚಿಮದ ಲೀಗ್ (ಇಂದಿನ ವೆಸ್ಟರ್ನ್ ಹಾಕಿ ಲೀಗ್) ಗೆದ್ದರು. ಕ್ಲಾರ್ಕ್‌ಗೆ ಸಕ್ಕರೆ ಕಾಯಿಲೆ. ಎನ್‌ಎಚ್‌ಎಲ್ ಕ್ಲಬ್‌ಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಆ ಕಾಯಿಲೆಗೆ ಹೆದರಿ 1969ರ ಡ್ರಾಫ್ಟ್‌ನಲ್ಲಿ ಕ್ಲಬ್‌ಗಳು ಅವನನ್ನು ಬಿಟ್ಟವು, ಕೊನೆಗೆ 17ನೆಯವನಾಗಿ ಫಿಲಡೆಲ್ಫಿಯಾ ಆರಿಸಿಕೊಂಡಿತು. ಅವನ ನಾಯಕತ್ವದಲ್ಲಿ ಫಿಲಡೆಲ್ಫಿಯಾದವರು 1975ರಲ್ಲಿ ಎನ್‌ಎಚ್‌ಎಲ್‌ನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಅನ್ನು ಸತತ ಎರಡನೇ ಸಲ ಎತ್ತಿದರು. ಬಿಟ್ಟವರು ಕೈ ಕೈ ಹಿಸುಕಿಕೊಂಡಿರಬೇಕು.

ಇಷ್ಟೆಲ್ಲ ಆದ ತಂಡ ಬಿದ್ದದ್ದು ಹೇಗೆ? ನನ್ನ ಲೆಕ್ಕದಲ್ಲಿ ಅದನ್ನು ಕೆಡವಿದ್ದು ಬಸ್ಸು. 1971ರಲ್ಲಿ ಲೀಗ್ ಪೆಸಿಫಿಕ್ ತೀರದವರೆಗೆ ಹಬ್ಬಿತು. ವ್ಯಾಂಕೂವರ್, ವಿಕ್ಟೋರಿಯಾ ಸೇರಿದವು. ಫ್ಲಿನ್ ಫ್ಲಾನ್‌ನಿಂದ ಒಂದು ಕಡೆಗೆ 2,000 ಕಿ.ಮೀ.ಗೂ ಮೀರಿದ ದಾರಿ. ಡೀಸೆಲ್, ಹೋಟೆಲ್, ಊಟ. ಊರಿನ ರಿಂಕ್ ವಿಟ್ನಿ ಫೋರಮ್ ಚಿಕ್ಕದು. ಪ್ರತಿ ಸೀಟು ತುಂಬಿದರೂ ಬರುವ ದುಡ್ಡಿಗೆ ಒಂದು ಮಿತಿ ಇದೆ. ಅಷ್ಟರಲ್ಲಿ ಎನ್‌ಎಚ್‌ಎಲ್ ಕ್ಲಬ್‌ಗಳು ಡ್ರಾಫ್ಟ್‌ಗೆ ಹೊರಳಿದ್ದವು. 1963ರಲ್ಲಿ ಶುರುವಾದ ಪದ್ಧತಿ ಅದು. ಹುಡುಗರನ್ನು ಸಾಕುವ ಖರ್ಚು ಜೂನಿಯರ್ ತಂಡಗಳ ತಲೆಗೇ ಬಂತು.

1978ರಲ್ಲಿ ಬಾಂಬರ್ಸ್‌ನ ಫ್ರಾಂಚೈಸಿ ಎಡ್ಮಂಟನ್‌ಗೆ ಹೋಯಿತು. ಮರುವರ್ಷ ಅಮೆರಿಕದ ಗ್ರೇಟ್ ಫಾಲ್ಸ್‌ಗೆ. ಅಲ್ಲಿ ಅರ್ಧ ಸೀಸನ್ ಕೂಡ ಮುಗಿಸದೆ ಬಾಗಿಲು ಹಾಕಿತು. ಮತ್ತೆ ಸ್ಪೊಕೇನ್‌ನಲ್ಲಿ ಎದ್ದು, 1981ರಲ್ಲಿ ಪೂರ್ತಿ ನಿಂತುಹೋಯಿತು.

ಊರಿಗೆ ವಾಪಸ್ ಬಂದ ತಂಡವೂ ಇದೆ. ಸಸ್ಕ್ಯಾಚುವಾನ್‌ನ ಸ್ವಿಫ್ಟ್ ಕರೆಂಟ್‌ನ ಬ್ರಾಂಕೋಸ್ 1974ರಲ್ಲಿ ಲೆತ್‌ಬ್ರಿಜ್‌ಗೆ ಹೋದರು. 1986ರಲ್ಲಿ ಊರಿನವರೇ ಸೇರಿ ಮತ್ತೆ ತಂದರು. ಆ ವರ್ಷದ ಡಿಸೆಂಬರ್ 30ರಂದು ತಂಡದ ಬಸ್ಸು ಅಪಘಾತಕ್ಕೀಡಾಗಿ ನಾಲ್ವರು ಹುಡುಗರು ಸತ್ತರು. 1989ರಲ್ಲಿ ತಂಡ ಮೆಮೋರಿಯಲ್ ಕಪ್ ಗೆದ್ದಿತು. ಕಥೆ ಅಲ್ಲಿಗೆ ನಿಲ್ಲಿಸಿದರೆ ಸಿನಿಮಾದ ಹಾಗೆ ಇರುತ್ತದೆ. ಆದರೆ ಆಗಿನ ತರಬೇತುದಾರನೇ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದು ಆಮೇಲೆ ಬಯಲಾಗಿ, 1997ರಲ್ಲಿ ಅವನಿಗೆ ಜೈಲಾಯಿತು. ಊರು ಕಪ್ ನೋಡುತ್ತಿದ್ದಾಗ ಹುಡುಗರನ್ನು ಯಾರು ನೋಡುತ್ತಿದ್ದರು? ಆ ಪ್ರಶ್ನೆ ಬಿಟ್ಟು ಈ ಕಥೆ ಹೇಳಲು ನನಗೆ ಆಗುವುದಿಲ್ಲ.

ಫ್ಲಿನ್ ಫ್ಲಾನ್ ಬೇರೆ ದಾರಿ ಹಿಡಿಯಿತು. 1984ರಲ್ಲಿ ಬಾಂಬರ್ಸ್ ಹೆಸರಿನಲ್ಲೇ ಸಸ್ಕ್ಯಾಚುವಾನ್ ಪ್ರಾಂತ್ಯದ ಲೀಗ್ ಸೇರಿದರು. ಒಂದು ಮೆಟ್ಟಿಲು ಕೆಳಗಿನ ಲೀಗ್. ಬಸ್ಸು ಓಡುವ ದೂರ ಕಮ್ಮಿ, ಖರ್ಚೂ ಕಮ್ಮಿ. 1993ರಲ್ಲಿ ಅದನ್ನು ಗೆದ್ದರು ಕೂಡ. 2022ರಲ್ಲಿ ಊರಿನ ಕೊನೆಯ ಗಣಿ ಮುಚ್ಚಿತು. ಒಂದು ಕಾಲಕ್ಕೆ ಹತ್ತು ಸಾವಿರ ದಾಟಿದ್ದ ಜನಸಂಖ್ಯೆ ಈಗ ಐದು ಸಾವಿರದ ಆಸುಪಾಸು. ವಿಟ್ನಿ ಫೋರಮ್‌ನಲ್ಲಿ ಪಂದ್ಯ ನಡೆಯುತ್ತಲೇ ಇದೆ. ಅಲ್ಲಿ ಖುಷಿ ಜಾಸ್ತಿಯಾದರೆ ಅಭಿಮಾನಿಗಳು ಮೂಸ್ ಎಂಬ ದೊಡ್ಡ ಜಿಂಕೆಯ ಕಾಲನ್ನು ಮಂಜುಗಡ್ಡೆಯ ಮೇಲೆ ಎಸೆಯುತ್ತಾರೆ. ಅದನ್ನು ಎತ್ತಿ ಪಕ್ಕಕ್ಕಿಟ್ಟ ಮೇಲೆಯೇ ಮತ್ತೆ ಆಟ.