ಲೋಹದ ವಾಲ್ವ್ ಮತ್ತು ಸೊಪ್ಪಿನ ಸಾರು

ಕೇಳುಗರಿಗೆ ನಮಸ್ಕಾರ.

ಎದೆ ತೆರೆದು ಆಪರೇಷನ್ ಮಾಡಿಸಿಕೊಂಡು, ಹೃದಯಕ್ಕೆ ಲೋಹದ ವಾಲ್ವ್, ಅಂದರೆ ಕವಾಟ, ಹಾಕಿಸಿಕೊಂಡು ಮನೆಗೆ ಬಂದವರು ಮೊದಮೊದಲು ಗಮನಿಸುವುದು ಅದರ ಸದ್ದನ್ನು. ರಾತ್ರಿ ಫ್ಯಾನ್ ನಿಲ್ಲಿಸಿ ಮಲಗಿದರೆ ಕೈಗಡಿಯಾರದ ಹಾಗೆ ಟಿಕ್ ಟಿಕ್. ಪಕ್ಕದಲ್ಲಿ ಮಲಗಿದವರಿಗೂ ಕೆಲವೊಮ್ಮೆ ಕೇಳಿಸುತ್ತದೆ. ಗಾಬರಿ ಬೇಡ, ವಾಲ್ವಿನ ಎಲೆಗಳು ಮುಚ್ಚಿಕೊಳ್ಳುವ ಸದ್ದು ಅದು. ಕೆಲವರಿಗೆ ಕೇಳಿಸುವುದೇ ಇಲ್ಲ, ಅದಕ್ಕೂ ಚಿಂತೆ ಬೇಡ. ಆದರೆ ದಿನವೂ ಕೇಳುತ್ತಿದ್ದ ಸದ್ದು ಒಂದು ದಿನ ಮಂಕಾದರೆ ಅದು ಬೇರೆ ವಿಷಯ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಮ್ಮ ಕಡೆ ವಾಲ್ವ್ ಕೆಡುವುದಕ್ಕೆ ದೊಡ್ಡ ಕಾರಣ ರುಮ್ಯಾಟಿಕ್ ಜ್ವರ. ಚಿಕ್ಕಂದಿನಲ್ಲಿ ಗಂಟಲುನೋವು, ಆಮೇಲೆ ಕೀಲುನೋವು, ವರ್ಷಗಳು ಕಳೆದ ಮೇಲೆ ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ವಾಲ್ವ್ ದಪ್ಪಗಾಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಆಪರೇಷನ್ ಟೇಬಲ್ ಮೇಲೆ ಬರುವವರಲ್ಲಿ ಇಪ್ಪತ್ತೈದು, ಮೂವತ್ತರ ಪ್ರಾಯದವರೂ ಇರುತ್ತಾರೆ. ಹಂದಿ ಅಥವಾ ದನದ ಅಂಗಾಂಶದಿಂದ ಮಾಡಿದ ವಾಲ್ವ್ ಹತ್ತು ಹದಿನೈದು ವರ್ಷದಲ್ಲಿ ಸವೆಯುತ್ತದೆ, ಚಿಕ್ಕ ವಯಸ್ಸಿನವರಲ್ಲಿ ಇನ್ನೂ ಬೇಗ. ಯಾಂತ್ರಿಕ ವಾಲ್ವ್, ಅಂದರೆ ನಾವು ಲೋಹದ ವಾಲ್ವ್ ಎನ್ನುವುದು, ಹಾಗಲ್ಲ. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಕಾರ್ಬನ್ನಿನ ಎರಡು ಅರ್ಧಚಂದ್ರದ ಎಲೆಗಳಿರುವ ವಾಲ್ವ್. ನಮ್ಮ ದೇಶದ್ದೇ ಆದ ಚಿತ್ರಾ ವಾಲ್ವಿನಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಒಂದೇ ತಟ್ಟೆ ಓರೆಯಾಗಿ ತೆರೆದು ಮುಚ್ಚುತ್ತದೆ, ಸದ್ದೂ ಕಡಿಮೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ವಲಿಯತ್ತಾನ್ ಅವರ ತಂಡ ಅದನ್ನು ರೂಪಿಸಿ, 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಹಾಕಿತು. ಅದೇ ವಲಿಯತ್ತಾನ್ ಆಮೇಲೆ ನಮ್ಮ ಮಣಿಪಾಲಕ್ಕೆ ಕುಲಪತಿಯಾಗಿ ಬಂದರು.

ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿದುಕೊಂಡರೂ ಈ ವಾಲ್ವ್ ಸವೆಯುವುದು ತೀರಾ ಅಪರೂಪ. ತೊಂದರೆ ಕೊಡುವುದು ರಕ್ತ. ಹೊರಗಿನ ವಸ್ತು ತಾಗಿದರೆ, ಹಾಲಿಗೆ ಮಜ್ಜಿಗೆಯ ಹನಿ ಬಿದ್ದ ಹಾಗೆ, ರಕ್ತ ಹೆಪ್ಪುಗಟ್ಟಲು ನೋಡುತ್ತದೆ. ಆ ಹೆಪ್ಪು ವಾಲ್ವಿನ ಕೀಲಿನಲ್ಲಿ ಕೂತರೆ ಎಲೆ ಸಿಕ್ಕಿಕೊಳ್ಳುತ್ತದೆ, ಕಿತ್ತುಕೊಂಡು ಮೆದುಳಿಗೆ ಹೋದರೆ ಪಾರ್ಶ್ವವಾಯು. ಅದಕ್ಕೇ ಜೀವನಪೂರ್ತಿ ಮಾತ್ರೆ: ವಾರ್ಫರಿನ್ ಅಥವಾ ಅಸೆನೋಕೌಮರಾಲ್. ಎರಡರ ಮಿಲಿಗ್ರಾಂ ಲೆಕ್ಕ ಒಂದೇ ಅಲ್ಲ. ಅಂಗಡಿಯವರು "ಇದೂ ಅದೇ ಮಾತ್ರೆ" ಎಂದು ಬದಲಿಸಿ ಕೊಟ್ಟರೆ ತೆಗೆದುಕೊಳ್ಳಬೇಡಿ. ಪದೇ ಪದೇ ರಕ್ತ ಪರೀಕ್ಷೆಯ ರಗಳೆಯಿಲ್ಲದ ಹೊಸ ಮಾತ್ರೆಗಳು ಬಂದಿವೆಯಲ್ಲ ಎಂದು ಕೇಳುವವರಿದ್ದಾರೆ. ಡಾಬಿಗಾಟ್ರಾನ್, ಅಪಿಕ್ಸಾಬಾನ್ ಎರಡನ್ನೂ ಯಾಂತ್ರಿಕ ವಾಲ್ವ್ ಇದ್ದವರಲ್ಲಿ ಪ್ರಯೋಗಿಸಿ ನೋಡಿ, ಸರಿಹೋಗದೆ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದ್ದಾರೆ.

ಮಾತ್ರೆಯ ಪರಿಣಾಮ ಅಳೆಯುವುದು ಐಎನ್‌ಆರ್ ಎನ್ನುವ ರಕ್ತ ಪರೀಕ್ಷೆಯಿಂದ. ರಕ್ತ ಹೆಪ್ಪುಗಟ್ಟುವುದು ತಡವಾದಷ್ಟೂ ಈ ಅಂಕಿ ಹೆಚ್ಚು: ತೀರಾ ಇಳಿದರೆ ಹೆಪ್ಪಿನ ಭಯ, ತೀರಾ ಏರಿದರೆ ರಕ್ತಸ್ರಾವದ ಭಯ. ಸಾಮಾನ್ಯರಲ್ಲಿ ಅದು 1ರ ಆಸುಪಾಸು. ಮೈಟ್ರಲ್ ವಾಲ್ವ್ ಹಾಕಿಸಿಕೊಂಡವರಿಗೆ 2.5ರಿಂದ 3.5. ಹೃದಯದಿಂದ ಮೈಗೆ ರಕ್ತ ಹೊರಡುವ ಬಾಗಿಲಲ್ಲಿರುವ ಅಯೋರ್ಟಿಕ್ ವಾಲ್ವ್ ಹೊಸ ಬಗೆಯದಾಗಿದ್ದು ಬೇರೆ ತೊಡಕಿಲ್ಲದಿದ್ದರೆ 2ರಿಂದ 3. ನಿಮ್ಮ ಗುರಿ ಎಷ್ಟೆಂದು ಡಾಕ್ಟರ ಬಾಯಿಂದ ಕೇಳಿ, ಐಎನ್‌ಆರ್ ಬರೆದಿಡುವ ಪುಸ್ತಕದ ಮೊದಲ ಪುಟದಲ್ಲಿ ಬರೆಸಿಕೊಳ್ಳಿ. ಯಾಕೆಂದರೆ ಲ್ಯಾಬಿನ ರಿಪೋರ್ಟಿನಲ್ಲಿ ಅಚ್ಚಾಗಿರುವ 'ನಾರ್ಮಲ್' ಆರೋಗ್ಯವಂತರದ್ದು. ಅದನ್ನು ನೋಡಿ "ಜಾಸ್ತಿಯಾಗಿದೆ" ಎಂದು ಮಾತ್ರೆ ಬಿಟ್ಟು, ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟಿ ಬರುವವರಿದ್ದಾರೆ.

ರಕ್ತ ತೆಗೆಯುವಾಗ ಒಂದಿಷ್ಟು ನಿಗಾ ಇರಲಿ. ಐಎನ್‌ಆರ್‌ಗೆ ನೀಲಿ ಮುಚ್ಚಳದ ಟ್ಯೂಬು. ಅದರಲ್ಲಿ ಮೊದಲೇ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ದ್ರವ 0.3 ಎಂಎಲ್ ಇರುತ್ತದೆ, ಅದಕ್ಕೆ ಸರಿಯಾಗಿ 2.7 ಎಂಎಲ್ ರಕ್ತ, ಅಂದರೆ ಗೆರೆಯವರೆಗೆ, ತುಂಬಬೇಕು. ನರ ಸಿಗಲಿಲ್ಲವೆಂದು ಅರ್ಧ ಟ್ಯೂಬಿಗೇ ಮುಗಿಸಿದರೆ ಸಿಟ್ರೇಟ್ ಹೆಚ್ಚಾಗಿ ಐಎನ್‌ಆರ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಆ ಸುಳ್ಳು ಅಂಕಿ ನಂಬಿ ಡೋಸ್ ಇಳಿಸಿದರೆ ಅಪಾಯ ನಿಜದ್ದೇ. ತುಂಬದ ಟ್ಯೂಬಿಗೆ ಒಪ್ಪಬೇಡಿ, ಇನ್ನೊಂದು ಸಲ ಚುಚ್ಚಿದರೂ ಪರವಾಗಿಲ್ಲ.

ಮಾತ್ರೆ ದಿನವೂ ಒಂದೇ ಹೊತ್ತಿಗೆ, ಸಂಜೆಯಾದರೆ ಅನುಕೂಲ. ಬೆಳಿಗ್ಗೆ ಪರೀಕ್ಷೆ ಮಾಡಿಸಿ, ಫಲಿತಾಂಶ ನೋಡಿ ಅಂದೇ ಡೋಸ್ ಬದಲಿಸಬಹುದು. ಸಂಜೆ ಮರೆತು ಮಲಗುವಾಗ ನೆನಪಾದರೆ ಆಗಲೇ ನುಂಗಿ. ಮರುದಿನ ನೆನಪಾದರೆ ಹೋದದ್ದು ಹೋಯಿತು, ಎರಡೆರಡು ನುಂಗುವಂತಿಲ್ಲ, ಪುಸ್ತಕದಲ್ಲಿ ಗುರುತು ಹಾಕಿಡಿ. ಡೋಸ್ ಬದಲಾದರೆ ಅದರ ಪೂರ್ತಿ ಫಲ ಕಾಣಲು ಐದರಿಂದ ಏಳು ದಿನ ಬೇಕು. ಮಾರನೆಯ ದಿನವೇ ಪರೀಕ್ಷೆಗೆ ಓಡುವುದು ದುಡ್ಡು ದಂಡ. ಅಂಕಿ ಸ್ಥಿರವಾದ ಮೇಲೆ ನಾಲ್ಕು ವಾರಕ್ಕೊಮ್ಮೆ ಸಾಕು. 5 ದಾಟಿದರೆ ಆ ಸಂಜೆಯ ಮಾತ್ರೆಗೆ ಮೊದಲೇ ಡಾಕ್ಟರಿಗೆ ಫೋನ್ ಮಾಡಿ.

ಇನ್ನು ಸೊಪ್ಪು. "ಸೊಪ್ಪು ಮುಟ್ಟಲೇಬೇಡಿ" ಎಂದು ಹೆದರಿಸುವುದು ನಮಗೆ ಒಪ್ಪಿಗೆಯಿಲ್ಲ. ಸೊಪ್ಪಿನ ವಿಟಮಿನ್ ಕೆ ಮಾತ್ರೆಗೆ ಎದುರಾಳಿ ಎನ್ನುವುದು ನಿಜ. ಪಾಲಕ್, ನುಗ್ಗೆ, ದಂಟು, ಮೆಂತ್ಯ ಎಲ್ಲದರಲ್ಲೂ ಅದಿದೆ. ಆದರೆ ಅಂಕಿಯನ್ನು ಕುಣಿಸುವುದು ಏರುಪೇರು. ವಾರಕ್ಕೆರಡು ಸಲ ಬಸ್ಸಾರು, ಮಸ್ಸೊಪ್ಪು ಉಣ್ಣುವವರು ಹಾಗೇ ಉಣ್ಣಲಿ, ಮಾತ್ರೆಯ ಅಳತೆ ಆ ಊಟಕ್ಕೇ ಹೊಂದಿಕೊಳ್ಳುತ್ತದೆ. ಮಳೆ ಬಿದ್ದು ಹಿತ್ತಲ ತುಂಬ ಸೊಪ್ಪು ಬಂತೆಂದು ದಿನವೂ ಅದನ್ನೇ ಉಂಡರೆ ಐಎನ್‌ಆರ್ ಇಳಿಯುತ್ತದೆ. ಶ್ರಾವಣದ ಉಪವಾಸ, ರಂಜಾನ್, ವಾಂತಿಭೇದಿ, ಯಾವ ಕಾರಣಕ್ಕೇ ಆಗಲಿ ಊಟ ಕಡಿಮೆಯಾದರೆ ಏರುತ್ತದೆ.

ಸೊಪ್ಪಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ಬೇರೆ ಔಷಧಿಗಳ ಬಗ್ಗೆ. ಭೇದಿಗೆ ಮೆಟ್ರೊನಿಡಜೋಲ್, ಮೂತ್ರದ ಸೋಂಕಿಗೆ ಕೋಟ್ರೈಮಾಕ್ಸಜೋಲ್, ಹುಳುಕಡ್ಡಿಗೆ ಫ್ಲುಕೊನಜೋಲ್ ಕೊಟ್ಟರೆ ಕೆಲವೇ ದಿನದಲ್ಲಿ ಐಎನ್‌ಆರ್ ಮೇಲೇರುತ್ತದೆ. ಕ್ಷಯದ ರಿಫಾಂಪಿಸಿನ್ ಅದನ್ನು ಪಾತಾಳಕ್ಕಿಳಿಸುತ್ತದೆ. ಯಾವುದೇ ಹೊಸ ಮಾತ್ರೆ ಶುರುವಾದ ನಾಲ್ಕೈದು ದಿನಕ್ಕೆ ಒಂದು ಪರೀಕ್ಷೆ, ನಿಲ್ಲಿಸಿದ ಮೇಲೆ ಇನ್ನೊಂದು. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ, ಪ್ಯಾರಸಿಟಮಾಲ್ ಸಾಕು. ನಾಟಿ ಔಷಧಿಯ ಪುಡಿಯಲ್ಲಿ ಏನಿದೆಯೋ ಯಾರಿಗೆ ಗೊತ್ತು?

ಜ್ವರ ಬಂತೆಂದು ಸೊಂಟಕ್ಕೊಂದು ಸೂಜಿ ಹಾಕಿಸಿಕೊಳ್ಳುವ ಅಭ್ಯಾಸವನ್ನೂ ಬಿಡಬೇಕು. ಮಾಂಸಖಂಡದೊಳಗೆ ರಕ್ತ ಸೋರಿ ಗಡ್ಡೆ ಕಟ್ಟುತ್ತದೆ. ರುಮ್ಯಾಟಿಕ್ ಜ್ವರ ಮರುಕಳಿಸದಿರಲೆಂದು ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ನಡೆಯುತ್ತಿದ್ದವರು ಮಾತ್ರ, ವಾಲ್ವ್ ಬದಲಾಯಿತೆಂದು ಅದನ್ನು ತಾವಾಗಿ ನಿಲ್ಲಿಸಬಾರದು. ಐಎನ್‌ಆರ್ ಹದದಲ್ಲಿರುವಾಗ ಹಾಕಿಸಿ ಆ ಜಾಗವನ್ನು ಒತ್ತಿ ಹಿಡಿಯುವುದೋ, ಪೆನಿಸಿಲಿನ್ ಮಾತ್ರೆಗೆ ಬದಲಾಗುವುದೋ ಡಾಕ್ಟರು ಹೇಳುತ್ತಾರೆ.

ಹಲ್ಲು ಕೀಳಿಸುವ ಮುಂಚೆ ಅರ್ಧದಿಂದ ಒಂದು ಗಂಟೆ ಮೊದಲು ಅಮಾಕ್ಸಿಸಿಲಿನ್ 2 ಗ್ರಾಂ ಒಂದೇ ಸಲ, ಅಲರ್ಜಿ ಇದ್ದವರಿಗೆ ಬೇರೆ. ಬಾಯಿಯ ರೋಗಾಣು ರಕ್ತಕ್ಕಿಳಿದು ವಾಲ್ವಿನ ಮೇಲೆ ಕೂರದಿರಲೆಂದು ಇದು. ಒಂದು ಹಲ್ಲಿಗಾಗಿ ಸಾಮಾನ್ಯವಾಗಿ ವಾರ್ಫರಿನ್ ನಿಲ್ಲಿಸಬೇಕಿಲ್ಲ. ಹಿಂದಿನ ದಿನ ಐಎನ್‌ಆರ್ ನೋಡಿಕೊಂಡರೆ ಆಯಿತು. ಎರಡು ಮೂರು ದಿನವಾದರೂ ಬಿಡದ ಜ್ವರಕ್ಕೆ ಆಂಟಿಬಯೋಟಿಕ್ ನುಂಗುವ ಮೊದಲೇ ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿ ರೋಗಾಣು ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆ, ಆಗಬೇಕು. ನುಂಗಿದ ಮೇಲೆ ರೋಗಾಣು ಸಿಗುವುದು ಕಷ್ಟ.

ಮಗು ಬೇಕೆನ್ನುವ ಹೆಣ್ಣುಮಕ್ಕಳು ಗರ್ಭ ನಿಲ್ಲುವ ಮೊದಲೇ ಹೃದಯದ ಡಾಕ್ಟರನ್ನು ಕಾಣಬೇಕು. ಆರರಿಂದ ಹನ್ನೆರಡನೇ ವಾರದ ನಡುವೆ ವಾರ್ಫರಿನ್ ಮಗುವಿನ ಮೂಗು, ಮೂಳೆಗಳನ್ನು ಕೆಡಿಸಬಹುದು. ಮಾತ್ರೆ ಬಿಟ್ಟರೆ ತಾಯಿಯ ವಾಲ್ವ್ ಕಟ್ಟಿಕೊಳ್ಳಬಹುದು. ಮಾತ್ರೆಯ ಬದಲು ಕೊಡುವ ಹೆಪಾರಿನ್ ಸೂಜಿ ಯಾವಾಗ, ಎಷ್ಟು ಎನ್ನುವುದು ಮೊದಲೇ ಗೊತ್ತಾಗಿರಬೇಕು.

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದರೆ, ಏನೂ ಆಗಿಲ್ಲ ಅನ್ನಿಸಿದರೂ ಸಿಟಿ ಸ್ಕ್ಯಾನ್ ಮಾಡಿಸಿ. ಮಲ ಕಪ್ಪಗೆ ಡಾಂಬರಿನಂತೆ ಹೋದರೆ, ಬಾಯಿ ಓರೆಯಾದರೆ, ಮಾತು ತೊದಲಿದರೆ ಆ ಕ್ಷಣವೇ ಹೊರಡಿ.

ಈಗ ಮಂಕಾದ ಸದ್ದಿನ ವಿಷಯ. ಜೊತೆಗೆ ಏದುಸಿರು, ಅಂಗಾತ ಮಲಗಲಾಗದ ಸ್ಥಿತಿ ಬಂದರೆ ವಾಲ್ವ್ ಸಿಕ್ಕಿಕೊಂಡಿರಬಹುದು. ಬೆಳಗಾಗಲಿ ಎಂದು ಕಾಯಬೇಡಿ, ಎಕೋ (ಹೃದಯದ ಸ್ಕ್ಯಾನ್) ಮತ್ತು ಕ್ಯಾಥ್‌ಲ್ಯಾಬ್ (ಎಕ್ಸ್‌ರೇಯಡಿ ಹೃದಯ ನೋಡುವ ಕೋಣೆ) ಇರುವ ಆಸ್ಪತ್ರೆಗೇ ಹೋಗಿ. ಕಾರ್ಬನ್ ಎಲೆಗಳು ಆಡುತ್ತಿವೆಯೇ ಎಂದು ಎಕ್ಸ್‌ರೇಯಡಿ ಕೆಲವೇ ನಿಮಿಷದಲ್ಲಿ ನೋಡಬಹುದು. ಚಿತ್ರಾ ವಾಲ್ವಿನ ಪ್ಲಾಸ್ಟಿಕ್ ತಟ್ಟೆ ಎಕ್ಸ್‌ರೇಗೆ ಕಾಣುವುದಿಲ್ಲ, ಎಕೋವನ್ನೇ ನಂಬಬೇಕು. ನಿಮ್ಮ ಎದೆಯಲ್ಲಿರುವುದು ಯಾವ ವಾಲ್ವ್, ಎಷ್ಟನೇ ನಂಬರಿನದು, ಯಾವ ಜಾಗದಲ್ಲಿದೆ ಎಂದು ಆಪರೇಷನ್ನಿನ ದಿನ ಕೊಟ್ಟ ಕಾರ್ಡಿನಲ್ಲಿದೆ. ಅದು ಬೀರುವಿನಲ್ಲಿ ಬೇಡ, ಜೇಬಿನಲ್ಲಿರಲಿ. ಒಂದು ಫೋಟೋ ಮನೆಯವರ ಫೋನಿನಲ್ಲೂ ಇರಲಿ.

ನಮಸ್ಕಾರ.