ಆರ್ಚಿ: ಬರೀ ಹೆಸರು ಗೊತ್ತಿದ್ದ ಹುಡುಕಾಟ

ಎಲ್ರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳಿಸ್ತಿದ್ಯಾ? ಸರಿ.

ಇವತ್ತಿನ ಕಥೆ ಆರ್ಚಿ ಅನ್ನೋ, ಇಂಟರ್ನೆಟ್ಟಲ್ಲಿ ಫೈಲ್ ಹುಡುಕಿಕೊಡ್ತಿದ್ದ ಪ್ರೋಗ್ರಾಂದು, 1990ರದ್ದು, ಗೂಗಲ್ ಬಿಡಿ, ವೆಬ್ಬೇ ಇನ್ನೂ ಜನರ ಕೈಗೆ ಬಂದಿರ್ಲಿಲ್ಲ. ಹಾಗಂತ ಇಂಟರ್ನೆಟ್ಟಲ್ಲಿ ಫೈಲ್ ಇರ್ಲಿಲ್ಲ ಅಂತಲ್ಲ, ರಾಶಿ ರಾಶಿ ಇತ್ತು. ಯೂನಿವರ್ಸಿಟಿಗಳು ತಮ್ಮ ಹತ್ರ ಇದ್ದ ಫ್ರೀ ಸಾಫ್ಟ್‌ವೇರನ್ನೆಲ್ಲ ಎಫ್‌ಟಿಪಿ ಸರ್ವರಲ್ಲಿ, ಅಂದ್ರೆ ನೆಟ್ಟಲ್ಲಿ ಫೈಲ್ ಕಳಿಸೋ ತರಿಸೋ ಪದ್ಧತಿಯ ಕಂಪ್ಯೂಟರಲ್ಲಿ, ಇಟ್ಟು ಬಾಗಿಲು ತೆಗೆದಿಡ್ತಿದ್ವು, ಯೂಸರ್‌ನೇಮ್ ಕೇಳಿದ್ರೆ ಅನಾನಿಮಸ್ ಅಂತ ಹೊಡೆಯೋದು, ಪಾಸ್‌ವರ್ಡ್ ಜಾಗದಲ್ಲಿ ಮರ್ಯಾದೆಗೆ ನಮ್ಮ ಈಮೇಲ್ ಕೊಡೋದು, ಒಳಗೆ ಹೋಗೋದು, ಅಷ್ಟೇ. ಅಂದಹಾಗೆ ಈ ಎಫ್‌ಟಿಪಿಯ ಮೊದಲ ಕರಡು ಬರೆದೋರು ಅಭಯ್ ಭೂಷಣ್, 1971ರಲ್ಲಿ, ಕಾನ್ಪುರ ಐಐಟಿಯ ಮೊದಲ ಬ್ಯಾಚಿನವ್ರು, ಆಗ ಎಂಐಟಿಯಲ್ಲಿದ್ರು. ಎಫ್‌ಟಿಪಿಗೆ ಪೋರ್ಟ್ ನಂಬರ್ 21 ಅಂತ ಬಾಯಿಪಾಠ ಮಾಡಿದ ನಮ್ಮಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು ಹೇಳಿ.

ಕಷ್ಟ ಇದ್ದಿದ್ದು ಎಲ್ಲಿ ಅಂದ್ರೆ, ಯಾರ ಮನೆ ಅಟ್ಟದ ಮೇಲೆ ಯಾವ ಡಬ್ಬಿ ಇದೆ ಅಂತ ಗೊತ್ತಾಗೋದು ಹೆಂಗೆ? ಗೊತ್ತಿದ್ದೋರನ್ನ ಕೇಳ್ಬೇಕು, ಇಲ್ಲಾ ಒಂದೊಂದೇ ಸರ್ವರಿಗೆ ಹೋಗಿ ತಡಕಾಡ್ಬೇಕು.

ಮಾಂಟ್ರಿಯಲ್‌ನ ಮೆಕ್‌ಗಿಲ್ ಯೂನಿವರ್ಸಿಟಿಯಲ್ಲಿ ಅಲನ್ ಎಮ್ಟೇಜ್ ಅಂತ, ಬಾರ್ಬಡೋಸ್‌ನವ್ರು, ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿ, ಜೊತೆಗೆ ಡಿಪಾರ್ಟ್‌ಮೆಂಟಿನ ಮಷಿನ್ ನೋಡ್ಕೊಳ್ಳೋ ಕೆಲಸ. ಆ ಸಾಫ್ಟ್‌ವೇರ್ ಹುಡುಕಿ ಕೊಡು, ಈ ಸಾಫ್ಟ್‌ವೇರ್ ಹುಡುಕಿ ಕೊಡು ಅಂತ ಬರ್ತಾನೇ ಇರೋರು. ಬೇಜಾರಾಗಿ ಒಂದು ಸ್ಕ್ರಿಪ್ಟ್ ಬರೆದ್ರು, ಅದು ತಾನೇ ರಾತ್ರಿ ಹೊತ್ತು ಎಫ್‌ಟಿಪಿ ಸರ್ವರುಗಳಿಗೆ ಹೋಗಿ ಅಲ್ಲಿರೋ ಫೈಲ್ ಹೆಸರುಗಳ ಪಟ್ಟಿ ತಂದು ಇಟ್ಕೊಳ್ತಿತ್ತು, ಹುಡುಕೋದಿದ್ರೆ ಆ ಪಟ್ಟಿಯಲ್ಲಿ ಹುಡುಕಿದ್ರಾಯ್ತು, ಊರೆಲ್ಲಾ ಸುತ್ತೋದು ಬೇಕಿಲ್ಲ. ಆಮೇಲೆ ಬಿಲ್ ಹೀಲನ್, ಪೀಟರ್ ಡಾಯ್ಚ್ ಸೇರ್ಕೊಂಡು ಇದನ್ನ ಹೊರಗಿನವ್ರಿಗೂ ತೆರೆದ್ರು, ಟೆಲ್ನೆಟ್ಟಲ್ಲಿ, ಅಂದ್ರೆ ದೂರದ ಕಂಪ್ಯೂಟರಿಗೆ ಇಲ್ಲಿಂದಲೇ ಕನೆಕ್ಟ್ ಆಗೋ ವಿಧಾನದಲ್ಲಿ, ಲಾಗಿನ್ ಆಗಿ ‘ಪ್ರಾಗ್’ ಅಂತ ಕಮ್ಯಾಂಡ್ ಕೊಟ್ಟು ಫೈಲ್ ಹೆಸರು ಹಾಕಿದ್ರೆ ಸರ್ವರ್ ಯಾವ್ದು, ಯಾವ ಫೋಲ್ಡರ್, ಸೈಜ್ ಎಷ್ಟು, ತಾರೀಖು ಏನು ಅಂತ ಬರೋದು. ಕ್ಲಿಕ್ ಗಿಕ್ ಏನೂ ಇಲ್ಲ, ವಿಳಾಸ ಬರ್ಕೊಂಡು ಆಚೆ ಬಂದು ಎಫ್‌ಟಿಪಿಯಲ್ಲಿ ನೀವೇ ಹೋಗಿ ತರ್ಬೇಕು. ಆರ್ಕೈವ್ (archive) ಅನ್ನೋ ಇಂಗ್ಲಿಷ್ ಪದದಿಂದ ‘v’ ಕಿತ್ತರೆ ಉಳಿದಿದ್ದು ಆರ್ಚಿ (archie), ಕಾಮಿಕ್ಸ್‌ನ ಆರ್ಚಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಎಮ್ಟೇಜೇ ಹೇಳಿದಾರೆ.

ಈಗ ನನಗೆ ಇಷ್ಟವಾದ ವಿಷಯ. ಆರ್ಚಿಗೆ ಡಬ್ಬಿ ಮೇಲಿನ ಚೀಟಿ ಮಾತ್ರ ಗೊತ್ತು, ಒಳಗೆ ಬೆಲ್ಲ ಇದೆಯೋ ಉಪ್ಪಿದೆಯೋ ಗೊತ್ತಿಲ್ಲ. ಹಂಗಾಗಿ ಫೈಲಿಗೆ ಹೆಸರಿಡೋದೇ ದೊಡ್ಡ ವಿಷಯ, ಆಗಿನ ಪಿಸಿಗಳ ಡಾಸ್ ಫೈಲಾದ್ರೆ ಎಂಟಕ್ಷರ, ಚುಕ್ಕಿ, ಮೂರಕ್ಷರ, ಅಷ್ಟರಲ್ಲೇ ಮುಗಿಸ್ಬೇಕು. ಅವಸರದಲ್ಲಿ ಟೆಸ್ಟ್1 ಅಂತ ಇಟ್ಟೋರ ಪ್ರೋಗ್ರಾಂ ಎಷ್ಟೇ ಚೆನ್ನಾಗಿರ್ಲಿ, ಅದನ್ನ ಹುಡುಕಿ ಬರೋರು ಯಾರು? ಇದಕ್ಕೆ ಅಂತಲೇ ‘ವಾಟೀಸ್’ ಅಂತ ಇನ್ನೊಂದು ಕಮ್ಯಾಂಡ್ ಇತ್ತು, ಸಾಫ್ಟ್‌ವೇರ್‌ಗಳ ಚಿಕ್ಕ ವಿವರಣೆಗಳಲ್ಲಿ ಹುಡುಕೋದು, ಆದ್ರೆ ವಿವರಣೆ ಯಾರಾದ್ರೂ ಬರೆದಿದ್ರೆ ತಾನೇ ಸಿಗೋದು.

1991ರಲ್ಲಿ ಮಿನೆಸೋಟ ಯೂನಿವರ್ಸಿಟಿಯಿಂದ ಗೋಫರ್ ಬಂತು, ಇಂಟರ್ನೆಟ್ಟಲ್ಲಿರೋ ಮಾಹಿತಿನ ಮೆನು ಮಾಡಿ ತೋರಿಸೋ ವ್ಯವಸ್ಥೆ, ಮೆನು ಒಳಗೆ ಮೆನು, ಹೆಸರೇ ಗೊತ್ತಿಲ್ದಿದ್ರೂ ಇಳೀತಾ ಹೋಗ್ಬಹುದು. ಆ ಮೆನುಗಳಲ್ಲಿ ಹುಡುಕೋಕೆ 1992ರಲ್ಲಿ ನೆವಾಡದ ರೀನೋದಲ್ಲಿ ವೆರೋನಿಕಾ ಅನ್ನೋ ಪ್ರೋಗ್ರಾಂ ಬಂತು, ಆಮೇಲೆ ಜಗ್‌ಹೆಡ್, ಇವ್ರು ಮಾತ್ರ ಬೇಕಂತಲೇ ಆರ್ಚಿ ಕಾಮಿಕ್ಸಿನ ಪಾತ್ರಗಳ ಹೆಸರು ಇಟ್ಟೋರು. 1993ರಲ್ಲಿ ಮಿನೆಸೋಟದವ್ರು ಗೋಫರ್ ಸರ್ವರಿಗೆ ಕೆಲವ್ರಿಂದ ಲೈಸೆನ್ಸ್ ಫೀ ತಗೋತೀವಿ ಅಂದ್ರು, ಅದೇ ವರ್ಷ ಏಪ್ರಿಲ್ 30ಕ್ಕೆ ವೆಬ್ ಹುಟ್ಟಿದ ಜಿನೀವಾದ ಸಂಶೋಧನಾ ಕೇಂದ್ರ ಸರ್ನ್‌ನವ್ರು ವೆಬ್ ಎಲ್ರಿಗೂ ಫ್ರೀ ಅಂದ್ಬಿಟ್ರು. ಗೋಫರ್ ಸೊರಗೋಕೆ ಅದೊಂದೇ ಕಾರಣ ಅಲ್ಲ, ಆದ್ರೆ ಅಂಥಾ ಹೊತ್ತಲ್ಲಿ ದುಡ್ಡಿನ ಮಾತೆತ್ತಿದ್ದು ನನ್ನ ಪ್ರಕಾರ ದಡ್ಡತನ.

ಎಮ್ಟೇಜ್ ಮತ್ತೆ ಡಾಯ್ಚ್ 1992ರಲ್ಲಿ ಬನ್ಯಿಪ್ ಅಂತ ಕಂಪನಿ ಮಾಡಿ ಆರ್ಚಿ ಮಾರೋಕೆ ನೋಡಿದ್ರು. ಹುಡುಕೋ ಐಡಿಯಾಗೆ ಮಾತ್ರ ಪೇಟೆಂಟ್ ಮಾಡಿಸ್ಲಿಲ್ಲ. ಮಾಡಿಸಿದ್ರೆ ಎಷ್ಟು ಕೋಟಿ ಬರ್ತಿತ್ತು ಅಂತ ಲೆಕ್ಕ ಹಾಕೋರು ಈಗಲೂ ಇದಾರೆ, ನಿಮ್ಮಲ್ಲೂ ಒಬ್ರು ಕೈ ಎತ್ತಿದ್ರಿ, ಹೇಳಿ, ಮೈಕ್ ಕೊಡಿ ಅವ್ರಿಗೆ.