ಸ್ಟಿಕರ್ ಆಗಿಹೋದ ಹುಡುಗ

ಕೇಳುಗರಿಗೆ ನಮಸ್ಕಾರ.

ಧಾರವಾಡದ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಕಲಿಸುತ್ತೇನೆ. ಗದಗ ಜಿಲ್ಲೆಯ ಹಳ್ಳಿಯಿಂದ ಬಂದ ವಿದ್ಯಾರ್ಥಿಯೊಬ್ಬ ಒಂದು ದಿನ ರೈತರ ಸಾಲದ ಬಗ್ಗೆ ಸೆಮಿನಾರ್ ಮಂಡಿಸುತ್ತಿದ್ದ. ಸಾಲಕ್ಕೆ ಇಂಗ್ಲಿಷಿನಲ್ಲಿ ‘ಡೆಟ್’ ಎನ್ನುತ್ತಾರೆ. ಬರೆಯುವಾಗ ನಡುವೆ ‘ಬಿ’ ಅಕ್ಷರವಿದೆ, ಉಚ್ಚಾರದಲ್ಲಿ ಇಲ್ಲ. ಅವನು ಬರೆದಿದ್ದಂತೆಯೇ ‘ಡೆಬ್ಟ್’ ಎಂದು ಓದಿದ. ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ಯಾರೋ ಮೊಬೈಲ್ ಎತ್ತಿ ಹಿಡಿದರು. ಸಂಜೆಯೊಳಗೆ ಅವನ ಬಾಯಿ ತೆರೆದ ಮುಖ ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸ್ಟಿಕರ್ ಆಗಿತ್ತು. ಶುಭೋದಯಕ್ಕೂ ಅದೇ, ಚಹಾದ ಉದ್ರಿ ಕೇಳುವುದಕ್ಕೂ ಅದೇ. ಒಣಬೇಸಾಯದ ಮನೆಯಲ್ಲಿ ಹುಟ್ಟಿದ ಅವನಷ್ಟು ಚೆನ್ನಾಗಿ ಸಾಲವೆಂದರೇನೆಂದು ಆ ತರಗತಿಯಲ್ಲಿ ಬಲ್ಲವರು ಬಹುಶಃ ಇನ್ನೊಬ್ಬರಿರಲಿಲ್ಲ.

ಅವನು ತರಗತಿಗೆ ಬರುವುದನ್ನು ನಿಲ್ಲಿಸಿದ. ಕಾರಣ ನನಗೆ ತಿಳಿಯುವಷ್ಟರಲ್ಲಿ ಮೂರು ವಾರ ಕಳೆದಿತ್ತು.

ನಾನು ಚೀಟಿ ಹಂಚಿ, ಹೆಸರು ಬರೆಯದೆ ಉತ್ತರಿಸಿರೆಂದು ಎರಡು ಪ್ರಶ್ನೆ ಕೇಳಿದೆ. ಇದು ತಪ್ಪೇ? ನೀವೂ ಕಳುಹಿಸಿದ್ದೀರಾ? ಬಹುತೇಕ ಚೀಟಿಗಳಲ್ಲಿ ಎರಡಕ್ಕೂ ‘ಹೌದು’ ಎಂದೇ ಇತ್ತು. ಈಗಿನ ಹುಡುಗರಿಗೆ ನೀತಿ ಗೊತ್ತಿಲ್ಲವೆಂದು ಹಿರಿಯರು ಗೊಣಗುತ್ತಾರೆ. ಗೊತ್ತಿದೆ, ಕೇಳುಗರೇ, ಚೆನ್ನಾಗಿಯೇ ಗೊತ್ತಿದೆ. ಆ ಅರಿವು ಬೆರಳ ತುದಿಗೆ ಬರುವಷ್ಟರಲ್ಲಿ ಎಲ್ಲಿ ಸೋರಿಹೋಗುತ್ತದೆ ಎಂಬುದೇ ನನ್ನ ಚಿಂತೆ.

ಚೀಟಿಗಳಲ್ಲಿಯೇ ಸುಳಿವಿತ್ತು. ‘ಬರೀ ತಮಾಷೆ ಸರ್.’ ‘ಮಾಡಿದ್ದು ನಾನಲ್ಲ, ಬಂದದ್ದನ್ನು ಮುಂದಕ್ಕೆ ಕಳುಹಿಸಿದೆ ಅಷ್ಟೇ.’ ‘ಅವನೂ ನಕ್ಕಿದ್ದಾನೆ.’ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಇಂಥ ಮಾತುಗಳನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಕೆಟ್ಟ ಕೆಲಸಕ್ಕೆ ಮೆತ್ತನೆಯ ಹೆಸರಿಡುವುದು, ಹೊಣೆಯನ್ನು ಗುಂಪಿಗೆ ಹಂಚಿಬಿಡುವುದು, ನೊಂದವನ ನೋವನ್ನು ಕಿರಿದು ಮಾಡುವುದು. ಹೀಗೆ ಒಳ್ಳೆಯವರೂ ತಮ್ಮ ಅಂತಃಸಾಕ್ಷಿಯನ್ನು ತಾತ್ಕಾಲಿಕವಾಗಿ ಮಲಗಿಸುತ್ತಾರೆ.

ಅವನು ನಕ್ಕದ್ದು ನಿಜ. ಮೊದಲ ದಿನಗಳಲ್ಲಿ ನಗುವ ಎಮೋಜಿ ಹಾಕಿದ್ದ. ಸಪ್ತಾಪುರದ ಅವನ ಕೋಣೆಗೆ ಹೋಗಿ ಕೇಳಿದೆ. ‘ನಗದಿದ್ದರೆ ಇನ್ನೂ ಹೆಚ್ಚು ಕಳುಹಿಸುತ್ತಾರೆ ಸರ್’ ಎಂದ. ಊರ ಕಟ್ಟೆಯ ಮೇಲೂ ಚೇಷ್ಟೆ ನಡೆಯುತ್ತದೆ. ಆದರೆ ಅಲ್ಲಿ ಎದುರಿಗಿರುವವನ ಕಣ್ಣು ತುಂಬಿದ್ದು ಕಾಣುತ್ತದೆ, ಒಬ್ಬನಾದರೂ ‘ಸಾಕು ಬಿಡು’ ಎನ್ನುತ್ತಾನೆ, ಕತ್ತಲಾದರೆ ಎಲ್ಲರೂ ಮನೆಗೆ ಹೋಗುತ್ತಾರೆ. ಈ ಹುಡುಗನ ದಿಂಬಿನ ಪಕ್ಕದಲ್ಲಿ ರಾತ್ರಿ ಎರಡಕ್ಕೂ ಅದೇ ಮುಖ ಬಂದು ಬೀಳುತ್ತಿತ್ತು.

ಕಾನೂನಿದೆಯಲ್ಲ ಎನ್ನುತ್ತೀರಿ. ಆನ್‌ಲೈನ್‌ನಲ್ಲಿ ಇತರರಿಗೆ ಕಿರಿಕಿರಿ ಉಂಟುಮಾಡುವ ಸಂದೇಶ ಕಳುಹಿಸುವುದನ್ನು ಅಪರಾಧವೆಂದಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದುಪಡಿಸಿತು. ವಾಕ್ ಸ್ವಾತಂತ್ರ್ಯದ ದೃಷ್ಟಿಯಿಂದ ಅದು ಸರಿಯೇ. ಒಪ್ಪಿಗೆಯಿಲ್ಲದೆ ಒಬ್ಬರ ಖಾಸಗಿ ಅಂಗಗಳ ಚಿತ್ರ ಹರಡಿದರೆ 66ಇ ಕಲಮಿನಡಿ ಮೂರು ವರ್ಷದವರೆಗೆ ಜೈಲು ಆಗಬಹುದು. ಅಂಥದ್ದು ನಡೆದರೆ ಸಂದೇಶಗಳನ್ನು ಅಳಿಸದೆ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಪೊಲೀಸರ ಬಳಿ ಹೋಗಿ. ಹದಿನೆಂಟರೊಳಗಿನವರಿಗೆ ಮಕ್ಕಳ ಸಹಾಯವಾಣಿ 1098, ಮನಸ್ಸು ಕುಸಿದಾಗ ಯಾರಿಗಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಇದೆ. ದಯವಿಟ್ಟು ಬರೆದಿಟ್ಟುಕೊಳ್ಳಿ. ಆದರೆ ಒಂದು ತಪ್ಪು ಉಚ್ಚಾರದ ಸ್ಟಿಕರಿಗೆ ಯಾವ ಕಲಮು ಹುಡುಕುವುದು?

ನಮ್ಮಲ್ಲಿ ಅದನ್ನು ನಿಲ್ಲಿಸಿದ್ದು ಒಬ್ಬ ವಿದ್ಯಾರ್ಥಿನಿ. ‘ನನ್ನ ಫೋನಿನಿಂದ ಅಳಿಸಿದ್ದೇನೆ, ನೀವೂ ಅಳಿಸಿ’ ಎಂದು ಗುಂಪಿನಲ್ಲಿ ಬರೆದಳು. ಮೊದಲು ಯಾರೂ ಉತ್ತರಿಸಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ‘ಅಳಿಸಿದೆ’ ಎಂದರು. ಮರುವಾರ ಹುಡುಗ ತರಗತಿಗೆ ಬಂದ; ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತ, ಈಗಲೂ ಅಲ್ಲಿಯೇ ಕೂರುತ್ತಾನೆ.

ಇಷ್ಟು ದಿನ ಏಕೆ ಸುಮ್ಮನಿದ್ದೆಯಮ್ಮಾ ಎಂದು ಅವಳನ್ನು ಕೇಳಿದೆ. ‘ಬೇರೆ ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದೆ ಸರ್’ ಎಂದಳು. ನನಗೆ ಮಾತು ಹೊರಡಲಿಲ್ಲ. ಆ ದಿನ ಮೊಬೈಲ್ ಎತ್ತಿದ ಕೈಯನ್ನು ನಾನೂ ನೋಡಿದ್ದೆ, ಇಳಿಸು ಎಂದಿರಲಿಲ್ಲ.

ನಮಸ್ಕಾರ.